ಹತ್ತೊಂಬತ್ತು ಹೆಜ್ಜೆಯ ಹಗ್ಗ

ಹೊಳೆ ದಂಡೆಯ ಮೇಲೆ ಒಬ್ಬ ಮುದುಕನಿದ್ದ. ಹೆಸರು ಕಲ್ಲಯ್ಯ. ಅವನಿದ್ದ ಜಾಗಕ್ಕೆ ಜನ ಆಶ್ರಮ ಅನ್ನುತ್ತಿದ್ದರು. ಅವನು ಗುಡಿಸಲು ಅನ್ನುತ್ತಿದ್ದ.

ಬೇರೆ ಗುರುಗಳ ಹತ್ತಿರ ಜನ ಹೂವು ಹಣ್ಣು ಹಿಡಿದು ಹೋಗುತ್ತಾರೆ. ಕಲ್ಲಯ್ಯಜ್ಜನ ಹತ್ತಿರ ಬರುವವರ ಕೈಯಲ್ಲಿ ಕೆಂಪು ಚೆಂಡು ಇರುತ್ತಿತ್ತು.

ಹಾಗಂತ ಆತ ಒಂದು ಮ್ಯಾಚನ್ನೂ ಆಡಿದವನಲ್ಲ. ಮೂವತ್ತು ವರ್ಷ ಕ್ರಿಕೆಟ್ ಮೈದಾನದಲ್ಲಿ ರೋಲರ್ ಎಳೆದವನು. ಆಟ ನಡೆದಾಗ ಜನ ಚೆಂಡು ನೋಡುತ್ತಾರೆ, ಬ್ಯಾಟು ನೋಡುತ್ತಾರೆ. ಕಲ್ಲಯ್ಯ ಕಾಲು ನೋಡುತ್ತಿದ್ದ. ಸಂಜೆ ಆ ಕಾಲುಗಳು ತೋಡಿದ ಕುಳಿಗಳನ್ನು ಮುಚ್ಚಬೇಕಾದವನು ಅವನೇ ತಾನೆ.

ಹಾಗೆ ನೋಡಿ ನೋಡಿ ಬೌಲಿಂಗ್ ಎಂಬ ವಿದ್ಯೆ ಅವನಿಗೆ ಪಾದದ ಕಡೆಯಿಂದ ಒಲಿದಿತ್ತು.

ಒಂದು ಮುಂಜಾನೆ ದ್ಯಾಮಣ್ಣ ಬಂದ.

ಇಪ್ಪತ್ತು ವರ್ಷದ ಹಿಂದೆ ಇದೇ ದಂಡೆಯ ಮೇಲೆ ಇದೇ ಮುದುಕನ ಹತ್ತಿರ ಕಲಿತವನು. ಈಗ ಮೂವತ್ತೇಳು. ಕಿವಿಯ ಮೇಲೆ ನಾಲ್ಕು ಬಿಳಿ ಕೂದಲು. ಎಡಗೈಯಲ್ಲಿ ಚೀಲ. ಬಲಗೈಯನ್ನು ಹೊಟ್ಟೆಗೆ ಅವುಚಿಕೊಂಡಿದ್ದ, ಕೋಳಿಮರಿ ಹಿಡಿದುಕೊಂಡ ಹಾಗೆ.

ಬಗ್ಗಿ ಎಡಗೈಯಿಂದ ಪಾದ ಮುಟ್ಟಿದ.

“ಬಲಗೈ ಮನ್ಯಾಗ ಬಿಟ್ಟ ಬಂದೀಯೇನೋ?” ಅಂದ ಅಜ್ಜ.

“ಆಪರೇಶನ್ ಆಗೈತ್ರಿ ಅಜ್ಜಾರ. ಭುಜದ್ದು.”

“ಕೇಳೇನಿ. ಅಂಗಿ ತಗೀ, ನೋಡೂನು.”

ದ್ಯಾಮಣ್ಣ ಅಂಗಿ ಕಳಚಿದ. ಭುಜದ ಮೇಲೆ ಗೇಣುದ್ದದ ಗುರುತು. ಅಜ್ಜ ಅದರ ಮೇಲೆ ಬೆರಳಾಡಿಸಿದ.

“ಚಲೋ ಹೊಲದಾನ. ಇಂಥಾ ದರ್ಜಿ ನನ್ನ ಅಂಗಿಗೆ ಒಬ್ಬಾಂವ ಸಿಗಲಿಲ್ಲ ನೋಡು.”

ದ್ಯಾಮಣ್ಣನಿಗೆ ನಗು ಬಂತು. ಹದಿನಾಲ್ಕು ತಿಂಗಳಲ್ಲಿ ಆ ಗಾಯ ನೋಡಿ ಅಯ್ಯೋ ಅಂದವರೇ ಎಲ್ಲ. ನಗಿಸಿದವರು ಯಾರೂ ಇರಲಿಲ್ಲ.

“ನೋವ ಐತೇನು?”

“ಇಲ್ರಿ.”

“ಡಾಕ್ಟರ್ ಏನಂತಾನ?”

“ಭುಜಾ ಗಟ್ಟಿ ಆಗೈತಿ, ಚೆಂಡ ಒಗಿ ಅಂತಾನ್ರಿ.”

“ಮತ್ತ?”

ದ್ಯಾಮಣ್ಣ ಹೊಳೆಯ ಕಡೆ ನೋಡಿದ. “ಒಗ್ಯಾಕ ಹೋದ್ರ ಭುಜಾ ಅಂಜತೈತ್ರಿ.”

“ಭುಜಾ ಅಂಜತೈತೋ, ನೀ ಅಂಜತೀಯೋ?”

“ಇಬ್ಬರೂ ರೀ.”

ಅಜ್ಜ ನೀರು ಕೊಟ್ಟ. ದ್ಯಾಮಣ್ಣ ಕುಡಿದು ತನ್ನ ಕಥೆ ಹೇಳಿದ.

ಊರಿನ ತಂಡದಲ್ಲಿ ಅವನು ಕೊನೆಯ ಓವರಿನ ಆಸಾಮಿ. ಹದಿನೆಂಟು ವರ್ಷ ಅದೊಂದೇ ಕೆಲಸ. ಆಟ ಚೆಂದಾಗಿ ನಡೆದಿದ್ದರೆ ಅವನ ನೆನಪು ಯಾರಿಗೂ ಆಗುತ್ತಿರಲಿಲ್ಲ. ಮನೆಗೆ ಬೆಂಕಿ ಬಿದ್ದಾಗ ನೀರಿನವನನ್ನು ಕೂಗುವ ಹಾಗೆ, ಆರು ಚೆಂಡು ಉಳಿದು ಎದೆ ಡವಡವ ಅನ್ನುವ ಹೊತ್ತಿಗೆ ಎಲ್ಲರೂ ಅವನ ಕಡೆ ತಿರುಗುತ್ತಿದ್ದರು. ಚೆಂಡು ಅವನ ಕೈಗೆ ಬರುತ್ತಿತ್ತು.

ಭುಜ ಹರಿದ ಮೇಲೆ ಆ ಚೆಂಡು ಬೇರೆಯವರ ಕೈಗೆ ಹೋಯಿತು.

“ಬರೂ ರವಿವಾರ ಫೈನಲ್ ಐತ್ರಿ. ಕ್ಯಾಪ್ಟನ್ ಪ್ರಹ್ಲಾದ ನನ್ನ ಹೆಸರ ಹಾಕ್ಯಾನ. ಆದ್ರ ಒಂದ ಮಾತ ಅಂದಾನ್ರಿ.”

“ಏನಂತ?”

“ಅಣ್ಣಾ, ಇದೊಂದ ಮ್ಯಾಚ್. ಇದ್ರಾಗ ಆಗಲಿಲ್ಲಂದ್ರ ಮುಂದಿನ ವರ್ಷದಿಂದ ನೀ ಅಂಪೈರ್ ಕೋಟ ಹಾಕ್ಕೊ ಅಂತ.”

“ಕೋಟ ಬಿಳೀದ ಇರ್ತೈತಿ. ನಿನಗ ಒಪ್ಪತೈತಿ.”

“ಅಜ್ಜಾರ!”

“ನಗಾಕ ಬರ್ತೈತಿಲ್ಲೋ ಅಂತ ನೋಡಿದ್ನಿ. ಏಳು. ಆರ ಚೆಂಡ ಒಗಿ.”

ನೀರು ಹಿಂದೆ ಸರಿದ ಗಟ್ಟಿ ದಂಡೆಯಲ್ಲಿ ನಾರಿನ ಮ್ಯಾಟು ಹಾಸಿ ಮೊಳೆ ಹೊಡೆದಿತ್ತು. ಎರಡು ತುದಿಗೆ ಮೂರು ಮೂರು ಸ್ಟಂಪು.

ದ್ಯಾಮಣ್ಣ ಚೀಲದಿಂದ ಹಗ್ಗದ ಸುರುಳಿ ತೆಗೆದ.

ಬೇರೆ ಬೌಲರುಗಳು ಗೆರೆಯಿಂದ ಹಿಂದಕ್ಕೆ ಹೆಜ್ಜೆ ಎಣಿಸಿ, ಎಲ್ಲಿಂದ ಓಡಬೇಕೋ ಅಲ್ಲಿ ಕಾಲಿನಿಂದ ಗುರುತು ಹಾಕಿಕೊಳ್ಳುತ್ತಾರೆ. ದ್ಯಾಮಣ್ಣ ಎಂದೂ ಎಣಿಸಿದವನಲ್ಲ. ಅವನಿಗೆ ಹದಿನೇಳು ವರ್ಷವಾಗಿದ್ದಾಗ ಕಲ್ಲಯ್ಯಜ್ಜ ಅವನ ಓಟ ಅಳೆದು, ಹತ್ತೊಂಬತ್ತು ಹೆಜ್ಜೆಗೆ ಸರಿಯಾಗಿ ಹಗ್ಗ ಕತ್ತರಿಸಿ, ತುದಿಗೆ ಗಂಟು ಹಾಕಿ ಕೊಟ್ಟಿದ್ದ. ಇಪ್ಪತ್ತು ವರ್ಷದಿಂದ ಯಾವ ಮೈದಾನಕ್ಕೆ ಹೋದರೂ ಮೊದಲು ಆ ಹಗ್ಗ ಹಾಸುವುದು, ಗಂಟಿದ್ದಲ್ಲಿ ಗೆರೆ ಕೊರೆಯುವುದು, ಆಮೇಲೆ ಉಳಿದ ಮಾತು.

ಹಗ್ಗ ಕಪ್ಪಾಗಿತ್ತು. ಬೆವರು, ಎಣ್ಣೆ, ಮಣ್ಣು.

ಹಾಸಿದ. ಗುರುತು ಹಾಕಿದ. ಓಡಿ ಬಂದು ಒಗೆದ.

ಮೊದಲನೆಯದು ನೆಲ ಮುಟ್ಟದೆ ಹೋಯಿತು. ಎರಡನೆಯದು ಕಾಲಿನ ಕಡೆ ಸರಿಯಿತು. ಮೂರನೆಯದಕ್ಕೆ ಭುಜದಲ್ಲಿ ಚಳಕು ಹೊಡೆಯಿತು. ಆರನೆಯದು ಮುಗಿಯುವಷ್ಟರಲ್ಲಿ ದ್ಯಾಮಣ್ಣನ ಮುಖ ಸಪ್ಪಗಾಗಿತ್ತು.

ಅಜ್ಜ ಚೆಂಡು ಎಲ್ಲಿ ಹೋಯಿತೆಂದು ಒಮ್ಮೆಯೂ ನೋಡಲಿಲ್ಲ. ಉಸುಕಿನ ಮೇಲೆ ಬಿದ್ದ ಹೆಜ್ಜೆಗಳನ್ನು ಬಗ್ಗಿ ನೋಡುತ್ತ ನಡೆದ.

“ಹೆಂಗ ಅನಸ್ತೈತ್ರಿ?” ಅಂದ ದ್ಯಾಮಣ್ಣ.

“ಸಾಕು ಅನಸ್ತೈತಿ. ಇವತ್ತ ಮತ್ತ ಚೆಂಡ ಮುಟ್ಟಬ್ಯಾಡ.”

“ಒಂದ ಹತ್ತ ಒಗೀತೀನ್ರಿ, ಭುಜಾ ಕಾಯೂತನಕ.”

“ಮುಟ್ಟಬ್ಯಾಡ ಅಂದ್ನಿ.”

ಅಜ್ಜ ಮೈ ತೊಳೆಯಲು ಹೊಳೆಗೆ ಇಳಿದ. ದ್ಯಾಮಣ್ಣ ಅವನ ಬೆನ್ನು ಮರೆಯಾಗುವತನಕ ಕಾದ. ಆಮೇಲೆ ಚೆಂಡು ಎತ್ತಿಕೊಂಡ.

ಮಧ್ಯಾಹ್ನ ಊಟಕ್ಕೆ ಕೂತಾಗ ಅವನ ಬಲಗೈ ತಟ್ಟೆಯಿಂದ ಮೇಲೇಳಲಿಲ್ಲ. ರೊಟ್ಟಿ ಮುರಿಯಲು ಹೋದ. ರೊಟ್ಟಿ ಜಾರಿ ತಟ್ಟೆಗೇ ಬಿತ್ತು. ಕೈಯನ್ನು ತೊಡೆಯ ಮೇಲೆ ಇಟ್ಟುಕೊಂಡು ತಲೆ ತಗ್ಗಿಸಿದ.

“ಎಷ್ಟ ಒಗದಿ?”

“ನಲವತ್ತ ರೀ.”

ಅಜ್ಜ ಬೈಯಲಿಲ್ಲ. ಸರಿದು ಹತ್ತಿರ ಕೂತ. ರೊಟ್ಟಿ ಮುರಿದು ಪುಂಡಿಪಲ್ಯ ಹಚ್ಚಿ ತುತ್ತು ಮಾಡಿದ.

“ಬಾಯಿ ತಗೀ.”

“ಅಜ್ಜಾರ, ನಾ ಮೂವತ್ತೇಳ ವರ್ಷದಾಂವ್ರಿ.”

“ಬಾಯಿಗೆ ವಯಸ್ಸಿಲ್ಲ. ತಗೀ.”

ಒಂದು ತುತ್ತು ತಿಂದ. ಎರಡು ತಿಂದ. ಮೂರನೆಯದಕ್ಕೆ ದ್ಯಾಮಣ್ಣನ ಕಣ್ಣು ತುಂಬಿ ಬಂದವು.

“ಚಟ್ನಿ ಖಾರ ಐತ್ರಿ,” ಅಂದ.

“ಹೌದು, ಭಾಳ ಖಾರ ಐತಿ,” ಅಂದ ಅಜ್ಜ.

ತಟ್ಟೆಯಲ್ಲಿ ಚಟ್ನಿ ಇರಲೇ ಇಲ್ಲ.

ಇನ್ನೊಂದು ತುತ್ತು ನುಂಗಿ ದ್ಯಾಮಣ್ಣ ಕೇಳಿದ: “ಅಜ್ಜಾರ, ಬಜಾರದಾಗ ಹೊಂಟ್ರ ಜನಾ ನನಗ ಕಡೀ ಓವರ್ ದ್ಯಾಮಣ್ಣ ಅಂತಾರ. ನನ್ನ ಹೇಂತಿಗೂ ಕಡೀ ಓವರಿನವನ ಹೇಂತಿ ಅಂತಾರ. ಆ ಓವರ್ ಹೋದ್ರ ನಾ ಯಾರ್ರಿ?”

“ಮೊದಲ ಉಣ್ಣು. ಹಸದಾಂವ ಯಾರೂ ಅಲ್ಲ, ಬರೇ ಹೊಟ್ಟಿ.”

ಮೂರು ದಿನ ಅಜ್ಜ ಚೆಂಡು ಕೊಡಲಿಲ್ಲ. ಹೊಳೆಯ ಉಸುಕನ್ನು ಹೆಂಚಿನ ಮೇಲೆ ಹುರಿದು, ಬಟ್ಟೆಯಲ್ಲಿ ಗಂಟು ಕಟ್ಟಿ, ಭುಜಕ್ಕೆ ಕಾವು ಕೊಟ್ಟ. ಕಾವು ಕೊಡುತ್ತ ಏನೇನೋ ಹರಟಿದ. ರೋಲರಿಗೆ ಕಟ್ಟುತ್ತಿದ್ದ ಎತ್ತು ಒಮ್ಮೆ ಮ್ಯಾಚಿನ ನಡುವೆ ಮೈದಾನಕ್ಕೆ ನುಗ್ಗಿ ಅಂಪೈರನ ಟೊಪ್ಪಿಗೆ ತಿಂದದ್ದನ್ನು ಹೇಳಿದ. ಬೌಲಿಂಗಿನ ಮಾತು ಮಾತ್ರ ಎತ್ತಲಿಲ್ಲ.

ನಾಲ್ಕನೆಯ ದಿನ ಕೈ ಹಗುರಾಯಿತು. ದ್ಯಾಮಣ್ಣ ಹಾರಿಕೊಂಡು ಎದ್ದು ಚೀಲಕ್ಕೆ ಕೈ ಹಾಕಿದ.

ಹಗ್ಗ ಇರಲಿಲ್ಲ.

ಚೀಲ ಬೋರಲು ಹಾಕಿದ. ಚಾಪೆ ಕೊಡವಿದ. ಹೊರಗೆ ಬಂದು ನೋಡಿದ. ಗುಡಿಸಲ ಮಗ್ಗುಲಲ್ಲಿ ಹೀರೇಬಳ್ಳಿ ನೆಲ ಬಿಟ್ಟು ಮೇಲಕ್ಕೆ ಹೊರಟಿತ್ತು. ಅದಕ್ಕೆ ಹಬ್ಬಲು ಗೂಟದಿಂದ ಸೂರಿಗೆ ಕಪ್ಪು ಹಗ್ಗವೊಂದು ಬಿಗಿದಿತ್ತು. ಎರಡಾಗಿ ಕತ್ತರಿಸಿ ಬಿಗಿದಿತ್ತು.

“ಅಜ್ಜಾರ! ಇದ ನನ್ನ ಹಗ್ಗಾರಿ!”

“ಚಲೋ ಗಟ್ಟಿ ಐತಿ.”

“ಕತ್ತರಸೀರಿ!”

“ಬಳ್ಳಿ ಎರಡ ಅದಾವ.”

“ಇದನ್ನ ಕೊಟ್ಟಾವ್ರು ನೀವ ಅಲ್ರಿ?”

“ಕೊಟ್ಟಾಂವ ಇಲ್ಲೇ ಅದೇನಿ. ಇಸಕೊಂಡಾಂವ ಎಲ್ಲಿ?”

“ನಾನ ರೀ! ನಿಮ್ಮ ಎದರಿಗೇ ಅದೇನಲ್ರಿ!”

ಅಜ್ಜ ಅವನನ್ನು ಅಡಿಯಿಂದ ಮುಡಿಯತನಕ ನೋಡಿದ. “ಅಲ್ಲ. ಅಂವ ಹದಿನೇಳರ ಹುಡುಗ. ಕಾಲಾಗ ಚಪ್ಲಿ ಇರಲಿಲ್ಲ, ಹೊಟ್ಟ್ಯಾಗ ರೊಟ್ಟಿ ಇರಲಿಲ್ಲ. ಜಿಂಕಿ ಹಂಗ ಓಡತಿದ್ದ. ಅಂವ ಬಂದ ಕೇಳಿದ್ರ ಈಗಿಂದೀಗ ಬಿಚ್ಚಿ ಕೊಡತೇನಿ.”

ದ್ಯಾಮಣ್ಣನಿಗೆ ಸಿಟ್ಟು ನೆತ್ತಿಗೇರಿತು. ಒಳಗೆ ಹೋಗಿ ಚೀಲ ತುಂಬಿದ. ಹೇಳದೆ ಕೇಳದೆ ದಾರಿ ಹಿಡಿದ.

ಅಜ್ಜ ತಡೆಯಲಿಲ್ಲ. ಬಳ್ಳಿಯ ಕುಡಿಯನ್ನು ಹಗ್ಗಕ್ಕೆ ಸುತ್ತಿಸುತ್ತ ಕೂತ.

ದಂಡೆ ಏರಿ ರಸ್ತೆಯತನಕ ಹೋದ ದ್ಯಾಮಣ್ಣ ಅಲ್ಲಿ ನಿಂತ. ಬಸ್ಸು ಬಂತು, ಕಂಡಕ್ಟರ್ ಕೂಗಿದ, ಬಸ್ಸು ಹೋಯಿತು. ಅವನು ಬಗ್ಗಿ ತನ್ನ ಕಾಲು ನೋಡಿಕೊಂಡ. ಮೊಣಕಾಲು ದಪ್ಪಗಾಗಿದ್ದವು. ಹಿಮ್ಮಡಿ ಒಡೆದಿತ್ತು. ಈ ಕಾಲುಗಳನ್ನು ಅವನು ಬಹಳ ವರ್ಷದಿಂದ ಸರಿಯಾಗಿ ನೋಡಿಯೇ ಇರಲಿಲ್ಲ.

ತಿರುಗಿ ಇಳಿದು ಬಂದ. ಚೀಲ ನೆಲಕ್ಕಿಟ್ಟ.

“ಹಂಗಾರ ನಾ ಎಲ್ಲಿಂದ ಓಡ್ಲ್ರಿ?”

ಅಜ್ಜನ ಮುಖ ಅರಳಿತು. “ಇದೊಂದ ಕೇಳಾಕ ನಾಕ ದಿನಾ ತೊಗೊಂಡಿ. ಬಾ.”

ಮ್ಯಾಟಿನ ತುದಿಗೆ ಕರೆದುಕೊಂಡು ಹೋದ. ಚೆಂಡು ಬಿಡುವ ಗೆರೆಯ ಮೇಲೆ ನಿಲ್ಲಿಸಿದ. ಬ್ಯಾಟ್ಸ್‌ಮನ್ ಇರುವ ಕಡೆಗೆ ಬೆನ್ನು ಮಾಡಿಸಿದ.

“ಕಣ್ಣ ಮುಚ್ಚು. ಮಾರಿ ಇದ್ದ ಕಡೆ ಓಡು. ಜಿಗಿಬೇಕು ಅನಿಸಿದಲ್ಲೆ ಜಿಗಿ. ಎಣಸಬ್ಯಾಡ, ಅಳೀಬ್ಯಾಡ.”

“ಬಿದ್ರ?”

“ಉಸುಕ ಐತಿ. ನಾನೂ ಅದೇನಿ.”

ದ್ಯಾಮಣ್ಣ ಕಣ್ಣು ಮುಚ್ಚಿ ಓಡಿದ. ಎದೆ ತುಂಬಿತು, ಕಾಲು ತಾನೇ ನೆಲ ಬಿಟ್ಟಿತು, ಜಿಗಿದ. ಅಜ್ಜ ಅವನು ಜಿಗಿದಲ್ಲಿ ಒಂದು ಬೇವಿನ ಕಡ್ಡಿ ಚುಚ್ಚಿದ.

“ಇನ್ನೊಮ್ಮೆ.”

ಏಳು ಸಲ ಓಡಿಸಿದ. ಏಳು ಕಡ್ಡಿ ಚುಚ್ಚಿದ. ದ್ಯಾಮಣ್ಣ ಕಣ್ಣು ಬಿಟ್ಟು ನೋಡಿದರೆ ಏಳೂ ಕಡ್ಡಿ ಒಂದು ಅಂಗೈಯಷ್ಟು ಜಾಗದಲ್ಲಿ ನಿಂತಿದ್ದವು. ಅಲ್ಲಿಂದ ಗೆರೆಯತನಕ ಹೆಜ್ಜೆ ಎಣಿಸಿದ.

ಹದಿಮೂರು.

ಹಗ್ಗ ಹಾಸಿ ಕೊರೆದ ಹಳೆಯ ಗುರುತು ಇನ್ನೂ ಆರು ಹೆಜ್ಜೆ ಆಚೆಗಿತ್ತು. ಎರಡನ್ನೂ ನೋಡುತ್ತ ನಿಂತ.

“ಅಜ್ಜಾರ, ಅಂದ್ರ ಇಷ್ಟ ದಿನಾ…”

“ನಿನ್ನ ಓಟ ಹದಿಮೂರಕ್ಕ ತುಂಬತೈತಿ. ನೀ ಅಲ್ಲಿಂದ ಬಂದ್ರ ಕಡೀ ಎರಡ ಹೆಜ್ಜಿ ಎಳದ ಎಳದ ಹಾಕತಿದ್ದಿ. ಕಾಲ ಗೆರಿ ಮುಟ್ಟಾಕ ಹೊಡದಾಡತಿತ್ತು, ಕೈ ಹಿಂದ ಉಳೀತಿತ್ತು. ತಪ್ಪ ಕಾಲಿಂದು. ಬೈಸಿಕೊಂಡದ್ದ ಭುಜಾ.”

ದ್ಯಾಮಣ್ಣನಿಗೆ ಮೊದಲು ಹಗುರೆನಿಸಿತು. ಮರುಗಳಿಗೆಗೆ ಮುಖ ಬಾಡಿತು.

“ಹದಿಮೂರ ಹೆಜ್ಜ್ಯಾಗ ಅಷ್ಟ ವೇಗ ಎಲ್ಲಿಂದ ಬರ್ತೈತ್ರಿ?”

“ಬರಂಗಿಲ್ಲ.”

“ಕೀಪರ್ ಮುಂದ ಬಂದ ಕೂಡ್ತಾನ್ರಿ!”

ಈ ಮಾತಿನ ಸಂಕಟ ಚೆಂಡು ಒಗೆದವರಿಗೇ ಗೊತ್ತು. ವೇಗದ ಬೌಲರನಿಗೆ ಕೀಪರ್ ಸ್ಟಂಪು ಬಿಟ್ಟು ದೂರ ಹಿಂದೆ ನಿಲ್ಲುತ್ತಾನೆ. ಅವನು ಎಷ್ಟು ದೂರವೋ ಇವನಿಗೆ ಅಷ್ಟು ಮರ್ಯಾದೆ. ಸ್ಟಂಪಿಗೆ ಹತ್ತಿ, ಅಂಟಿದ ಹಾಗೆ ಕೂರುವುದು ನಿಧಾನಕ್ಕೆ ಒಗೆಯುವವರಿಗೆ. ವೇಗದವನೆಂದು ಹೆಸರು ಮಾಡಿದವನಿಗೆ ಕೀಪರ್ ಮುಂದೆ ಬಂದು ಕೂತರೆ, ಪಂಕ್ತಿಯಲ್ಲಿ ಊಟಕ್ಕೆ ಕೂತವನನ್ನು ಎಲೆ ಮುಂದಿನಿಂದ ಎಬ್ಬಿಸಿದ ಹಾಗೆ.

“ನನ್ನ ಹದಿನೆಂಟ ವರ್ಷದಾಗ ಒಬ್ಬ ಕೀಪರೂ ಮುಂದ ಬಂದಿಲ್ರಿ.”

“ಹೌದೇನು? ಹಂಗಾರ ನಾ ಬರ್ತೇನಿ.”

ಅಜ್ಜ ಹೆಗಲ ಮೇಲಿನ ವಲ್ಲಿಯನ್ನು ಎರಡೂ ಅಂಗೈಗೆ ಸುತ್ತಿಕೊಂಡ. ಆಚೆ ತುದಿಯ ಸ್ಟಂಪಿನ ಹಿಂದೆ, ಗೇಣು ಅಂತರದಲ್ಲಿ, ಮೊಣಕಾಲು ಮಡಚಿ ಕುಕ್ಕರಗಾಲಲ್ಲಿ ಕೂತ. ಎಪ್ಪತ್ತೆಂಟು ವರ್ಷದ ಮೊಣಕಾಲು ಲಟಕ್ ಅಂದದ್ದು ಈಚೆ ತುದಿಯತನಕ ಕೇಳಿಸಿತು.

“ಏಳ್ರಿ ಅಜ್ಜಾರ! ಚೆಂಡ ಬಡೀತೈತಿ!”

“ಬಡೀಲಿ. ನಿನ್ನ ದರ್ಜಿ ನನಗೂ ಎರಡ ಹೊಲಗಿ ಹಾಕ್ಲಿ.”

“ಕೈ ಮುಗೀತೀನ್ರಿ…”

“ಒಗೀತಿಯೋ, ಇಲ್ಲಾ ಕುಂತಲ್ಲೆ ನಿದ್ದಿ ಮಾಡ್ಲೋ?”

ದ್ಯಾಮಣ್ಣ ಕಡ್ಡಿಗಳ ಹತ್ತಿರ ಹೋದ. ಚೆಂಡು ಕೈಯಲ್ಲಿ ತಿರುಗಿಸಿದ. ಅಜ್ಜನ ಹಣೆ ಕಂಡಿತು, ಬೋಳು ತಲೆ ಕಂಡಿತು, ವಲ್ಲಿ ಸುತ್ತಿದ ಕೈ ಕಂಡಿತು. ಮೊಣಕಾಲೆತ್ತರಕ್ಕೆ, ಹೊರ ಸ್ಟಂಪಿನ ಗೇಣಾಚೆಗೆ, ಅಲ್ಲಿಗೇ ಬೀಳಬೇಕು. ಒಂದು ಗೇಣು ಮೇಲೆದ್ದರೆ ಅಜ್ಜನ ಹಲ್ಲು. ಒಂದು ಗೇಣು ಒಳಗೆ ಬಂದರೆ ಅಜ್ಜನ ಎದೆ.

ಓಡಿದ. ಜಿಗಿದ. ಒಗೆದ.

ಚೆಂಡು ಬೀಳಬೇಕಾದಲ್ಲೇ ಬಿದ್ದು ವಲ್ಲಿಯೊಳಗೆ ಧಪ್ ಅಂತ ಕೂತಿತು.

“ಇನ್ನೊಂದು,” ಅಂದ ಅಜ್ಜ.

ಇನ್ನೊಂದು. ಮತ್ತೊಂದು. ಹನ್ನೆರಡು ಚೆಂಡು. ಒಂದೂ ಆ ಗೇಣು ಬಿಟ್ಟು ಸರಿಯಲಿಲ್ಲ. ಹನ್ನೆರಡನೆಯದಕ್ಕೆ ಅಜ್ಜ ನೆಲಕ್ಕೆ ಕೈಯೂರಿ ಎದ್ದ.

“ಭುಜಾ ಏನಂತು?”

ದ್ಯಾಮಣ್ಣ ಭುಜ ಮುಟ್ಟಿ ನೋಡಿಕೊಂಡ. ಭುಜ ಏನೂ ಅಂದಿರಲಿಲ್ಲ. ಅಂದಿದ್ದರೂ ಅವನು ಕೇಳಿಸಿಕೊಂಡಿರಲಿಲ್ಲ.

“ಅದರ ನೆನಪ ಬರ್ಲಿಲ್ರಿ.”

“ಯಾಕ?”

“ನಿಮಗ ಬಡದೀತಂತ ಅಂಜಿಕಿ ಇತ್ತಲ್ರಿ.”

ಅಜ್ಜ ವಲ್ಲಿ ಬಿಚ್ಚಿದ. ಅಂಗೈ ಕೆಂಪಗೆ ಉಬ್ಬಿತ್ತು. ಅದರ ಮೇಲೆ ಊದಿಕೊಳ್ಳುತ್ತ ಹೇಳಿದ:

“ನಿನಗ ಏನರ ಒಂದ ಕಾಯಾಕ ಬೇಕ ತಮ್ಮಾ. ಭುಜಾ ಬಿಟ್ಟ ಬ್ಯಾರೇದೇನರ ಕಾಯಿ.”

ರವಿವಾರ ಬಂತು. ಮೈದಾನದ ಸುತ್ತ ಜನ ಕಟ್ಟೆಯಾಗಿ ಕೂತಿದ್ದರು. ಕಲ್ಲಯ್ಯಜ್ಜ ಬೇವಿನ ಮರದ ಕೆಳಗೆ ಶೇಂಗಾ ಸುಲಿಯುತ್ತ ಕೂತ.

ಮಧ್ಯಾಹ್ನ ಇಳಿಯುವ ಹೊತ್ತಿಗೆ ಆಟ ಕತ್ತಿಯ ಬಾಯಿಗೆ ಬಂತು. ಒಂದು ಓವರು ಉಳಿದಿದೆ. ಎದುರಾಳಿಗಳಿಗೆ ಒಂಬತ್ತು ರನ್ನು ಬೇಕು.

ಕ್ಯಾಪ್ಟನ್ ಪ್ರಹ್ಲಾದ ಚೆಂಡು ಹಿಡಿದು ಆ ಕಡೆ ನೋಡಿದ, ಈ ಕಡೆ ನೋಡಿದ. ಕೊನೆಗೆ ದ್ಯಾಮಣ್ಣನ ಹತ್ತಿರ ಬಂದ.

“ಅಣ್ಣಾ, ಒಗೀತಿ ಅಲ್ಲ?”

“ಕೊಡು.”

ಹದಿನಾಲ್ಕು ತಿಂಗಳ ಮೇಲೆ ಚೆಂಡು ಅವನ ಕೈಗೆ ಬಂತು. ಗೆರೆಯಿಂದ ಹದಿಮೂರು ಹೆಜ್ಜೆ ಎಣಿಸಿ ನಿಂತ.

ಜನರೊಳಗಿಂದ ಒಬ್ಬ ಕೂಗಿದ: “ಏ ದ್ಯಾಮಣ್ಣಾ, ಅಲ್ಲ್ಯಾಕ ನಿಂತಿ? ದಾರಿ ತಪ್ಪಿತೇನು?”

ಇನ್ನೊಬ್ಬ: “ಪೆಟ್ರೋಲ್ ತೀರೈತಿ ಬಿಡೋ ಪಾಪ!”

ನಗೆಯೆದ್ದಿತು. ದ್ಯಾಮಣ್ಣನ ಕಿವಿ ಬಿಸಿಯಾದವು. ಕಾಲು ತಾನೇ ಹಿಂದಕ್ಕೆ ಸರಿಯಿತು. ಹದಿನಾಲ್ಕು, ಹದಿನೈದು. ಹಗ್ಗವಿಲ್ಲದಿದ್ದರೇನು, ಇಪ್ಪತ್ತು ವರ್ಷದ ಅಳತೆ ಕಣ್ಣಿನಲ್ಲೇ ಇತ್ತು. ಹತ್ತೊಂಬತ್ತಕ್ಕೆ ಹೋಗಿ ನಿಂತ. ಕೀಪರ್ ಸಂಗಮೇಶ ಮರ್ಯಾದೆಯಿಂದ ದೂರ ಹಿಂದೆ ನಿಂತಿದ್ದ.

ಓಡಿ ಬಂದ. ಕೊನೆಯ ಎರಡು ಹೆಜ್ಜೆ ಎಳೆದು ಹಾಕಿದ. ಭುಜದಲ್ಲಿ ಚಳಕು. ಚೆಂಡು, ಊಟ ಬಡಿಸಿದ ತಟ್ಟೆಯ ಹಾಗೆ, ಬ್ಯಾಟಿನ ಮುಂದೆ ಹೋಯಿತು.

ನಾಲ್ಕು ರನ್.

ಐದು ಚೆಂಡು, ಐದು ರನ್.

ಪ್ರಹ್ಲಾದ ಓಡಿ ಬಂದ. ದನಿ ತಗ್ಗಿಸಿ ಹೇಳಿದ: “ಅಣ್ಣಾ, ಆಗಂಗಿಲ್ಲಂದ್ರ ಹೇಳಿಬಿಡು. ಭುಜಾ ನೋವಂತ ಅಂಪೈರಿಗೆ ಹೇಳಿ ಬ್ಯಾರೆಯವನ್ನ ತರ್ತೀನಿ. ಯಾರೂ ಏನೂ ಅನ್ನಂಗಿಲ್ಲ.”

ಅದು ಖರೇ. ಭುಜ ಅಂದರೆ ಸಾಕು, ಯಾರೂ ಏನೂ ಅನ್ನುತ್ತಿರಲಿಲ್ಲ. ಆದರೆ ಚೆಂಡು ಮತ್ತೆ ತನ್ನ ಕೈಗೆ ಬರುವುದಿಲ್ಲ ಅನ್ನುವುದೂ ಅಷ್ಟೇ ಖರೇ.

ದ್ಯಾಮಣ್ಣ ಬೇವಿನ ಮರದ ಕಡೆ ನೋಡಿದ. ಅಜ್ಜ ಅವನ ಮುಖ ನೋಡುತ್ತಿರಲಿಲ್ಲ. ಕಾಲು ನೋಡುತ್ತಿದ್ದ.

“ಸಂಗಮೇಶನ್ನ ಕರಿ,” ಅಂದ ದ್ಯಾಮಣ್ಣ.

ಕೀಪರ್ ಸಂಗಮೇಶ ಕೈಗವಸು ಬಡಿಯುತ್ತ ಬಂದ. “ಏನಣ್ಣಾ?”

“ಮುಂದ ಬಾ.”

“ಎಷ್ಟ ಮುಂದ?”

“ಸ್ಟಂಪಿಗೆ ಹತ್ತಿ ಕೂಡು.”

ಸಂಗಮೇಶ ಕಣ್ಣು ಪಿಳುಕಿಸಿದ. “ನಿನ್ನ ಚೆಂಡಿಗೇನಣ್ಣಾ? ಜನಾ ಏನಂತಾರು?”

“ನಗ್ತಾರು. ಬಾ.”

“ಅಲ್ಲಣ್ಣಾ, ಬರೂ ತಿಂಗಳ ನನ್ನ ಲಗ್ನ ಐತಿ. ಹಲ್ಲರ ಉಳಸ್ತಿ ಹೌದಲ್ಲ?”

ದ್ಯಾಮಣ್ಣನ ಮುಖದಲ್ಲಿ ಆ ದಿನದ ಮೊದಲ ನಗು ಮೂಡಿತು. “ನಿನ್ನ ಹಲ್ಲಿಗೆ ನಾ ಜವಾಬ್ದಾರ. ಹೋಗಿ ಕೂಡು.”

ಸಂಗಮೇಶ ಸ್ಟಂಪಿನ ಹಿಂದೆ ಕುಕ್ಕರಿಸಿದ. ಜನ ಹೋ ಅಂದರು. ಸೀಟಿ ಹೊಡೆದರು. ದ್ಯಾಮಣ್ಣ ಗೆರೆಯಿಂದ ಹದಿಮೂರು ಹೆಜ್ಜೆ ಎಣಿಸಿ ಕಾಲಿನಿಂದ ಗುರುತು ಕೊರೆದ. ತಿರುಗಿ ನೋಡಿದ. ಮೈದಾನದಲ್ಲಿ ಅವನಿಗೆ ಕಂಡದ್ದು ಎರಡು ಕೈಗವಸು, ಅವುಗಳ ಮೇಲೆ ಮದುವೆಯಾಗಬೇಕಾದ ಒಂದು ಬಾಯಿ.

ಓಡಿದ. ಒಗೆದ. ಬ್ಯಾಟು ಬೀಸಿತು, ತಾಕಲಿಲ್ಲ. ಚೆಂಡು ಕೈಗವಸಿನಲ್ಲಿ ಕೂತಿತು.

ಮುಂದಿನದಕ್ಕೆ ಒಂದು ರನ್. ಅದರ ಮುಂದಿನದಕ್ಕೆ ಎರಡು. ಐದನೆಯದು ಬ್ಯಾಟಿನ ಪಕ್ಕದಲ್ಲೇ ಹಾದು ಹೋಯಿತು. ಸೀಟಿ ನಿಂತಿದ್ದವು. ಈಗ ಒಂದೇ ಚೆಂಡು, ಎರಡು ರನ್.

ಬ್ಯಾಟ್ಸ್‌ಮನ್ ಗಟ್ಟಿಗ. ಇವನ ಚೆಂಡು ಮೊದಲಿನ ಹಾಗೆ ಸಿಡಿಯುತ್ತಿಲ್ಲ, ಕಾಯುತ್ತ ನಿಂತರೆ ಆಗದು, ಮುಂದೆ ನುಗ್ಗಿಯೇ ಹೊಡೆಯಬೇಕು ಅಂತ ಲೆಕ್ಕ ಹಾಕಿದ. ದ್ಯಾಮಣ್ಣ ಕೈ ಎತ್ತುತ್ತಲೇ ಗೆರೆ ಬಿಟ್ಟು ಎರಡು ಹೆಜ್ಜೆ ಹಾರಿ ಬಂದ.

ದ್ಯಾಮಣ್ಣ ಅವನನ್ನು ನೋಡಲಿಲ್ಲ. ಕೈಗವಸು ನೋಡಿ ಒಗೆದ.

ಬ್ಯಾಟು ಗಾಳಿ ಸೀಳಿತು. ಚೆಂಡು ಸಂಗಮೇಶನ ಕೈಗೆ ಬಂತು. ಕೀಪರ್ ದೂರ ನಿಂತಿದ್ದರೆ ಬ್ಯಾಟ್ಸ್‌ಮನ್ ಹಾಗೇ ಓಡಿ ಒಂದು ರನ್ನಾದರೂ ಕದ್ದು ಆಟ ಸಮ ಮಾಡುತ್ತಿದ್ದನೇನೋ. ಸಂಗಮೇಶ ಗೇಣಾಚೆಗಿದ್ದ. ಸ್ಟಂಪಿನ ಮೇಲಿನ ಗುಲ್ಲಿಗಳು ಹಾರಿದವು.

ಅಂಪೈರ್ ಬೆರಳೆತ್ತಿದ.

ಆಮೇಲಿನ ಗದ್ದಲವನ್ನು ಹೇಳುವುದೇ ಬೇಡ. ದ್ಯಾಮಣ್ಣನನ್ನು ಎತ್ತಿ ಕುಣಿಸಿದರು. “ಪೆಟ್ರೋಲ್ ತೀರೈತಿ” ಅಂದವನೇ ಎಲ್ಲರಿಗಿಂತ ಮೊದಲು ಎತ್ತಿದವನು. ಸಂಗಮೇಶ ಎಲ್ಲರಿಗೂ ಹಲ್ಲು ತೋರಿಸಿಕೊಂಡು ತಿರುಗಿದ. ಪ್ರಹ್ಲಾದ ಬಂದು ಅಪ್ಪಿಕೊಂಡು, “ಬರೂ ವರ್ಷ ಕೋಟ ನಾನ ಹಾಕ್ಕೊಳ್ತೀನಿ ಅಣ್ಣಾ, ಚೆಂಡ ನಿಂದ,” ಅಂದ.

ಗುಂಪಿನಿಂದ ಬಿಡಿಸಿಕೊಂಡು ದ್ಯಾಮಣ್ಣ ಬೇವಿನ ಮರದ ಕೆಳಗೆ ಬಂದ. ಅಜ್ಜನ ಮುಂದೆ ಶೇಂಗಾ ಸಿಪ್ಪೆಯ ಗುಡ್ಡೆ ಬಿದ್ದಿತ್ತು.

“ಗೆದ್ವಿರಿ ಅಜ್ಜಾರ.”

“ಹೌದೇನು? ನಾ ಕಾಲ ನೋಡಾಕ ಹತ್ತಿದ್ನಿ.”

ದ್ಯಾಮಣ್ಣ ಪಕ್ಕದಲ್ಲಿ ಕೂತ. ಉಸಿರು ಇನ್ನೂ ಮೇಲೆ ಕೆಳಗೆ ಆಗುತ್ತಿತ್ತು. ಅಜ್ಜ ನಾಲ್ಕು ಕಾಳು ಅವನ ಅಂಗೈಗೆ ಹಾಕಿದ. ಇಬ್ಬರೂ ತಿಂದರು.

ಗೆದ್ದ ಸಂತೋಷ ಇನ್ನೂ ಆರಿರಲಿಲ್ಲ. ಅಷ್ಟರಲ್ಲೇ ದ್ಯಾಮಣ್ಣನಿಗೆ ಒಂದು ಚಿಂತೆ ಬಂತು.

“ಅಜ್ಜಾರ, ಹತ್ತೊಂಬತ್ತ ಹೋಗಿ ಹದಿಮೂರ ಆತು. ಇನ್ನ ನಾಕ ವರ್ಷಕ್ಕ?”

“ಹತ್ತ ಆಗತೈತಿ.”

“ಆಮ್ಯಾಲ?”

“ಆರು.”

“ಅದೂ ಆಗದಿದ್ರ?”

ಅಜ್ಜ ಸಿಪ್ಪೆ ಕೊಡವಿದ. ಏಳಲು ಆಸರೆ ಹುಡುಕಿ, ದ್ಯಾಮಣ್ಣನ ಬಲಭುಜದ ಮೇಲೆ ಕೈಯಿಟ್ಟ. ಮೈಭಾರವನ್ನೆಲ್ಲ ಅದರ ಮೇಲೆ ಹಾಕಿ ನಿಧಾನವಾಗಿ ಎದ್ದು ನಿಂತ. ಕೈಯನ್ನು ಅಲ್ಲೇ ಬಿಟ್ಟ.

“ಆವಾಗ ನಿಂತಲ್ಲಿಂದನ ಕೈ ಚಾಚಿ ಚೆಂಡ ಕೊಡು ತಮ್ಮಾ. ಹಿಡಿಯಾಂವ ಅಷ್ಟ ಹತ್ತರ ಬಂದಿರ್ತಾನ.”